ಪುಕ್ಕ ಬಿಡಿಸುವ ಬೆಳಗು

ಯುಗಾದಿಯ ಮಾರನೆಯ ದಿನ, ಹೊಸತೊಡಕಿನ ನಸುಕು. ಚಿಕ್ಕಬಳ್ಳಾಪುರದ ಬಳಿಯ ಕಳವಾರದ ಬೀದಿಯಲ್ಲಿ ಬೆಂಗಳೂರಿನ ಕಾರುಗಳು ಆಗಲೇ ಬಂದು ನಿಂತಿವೆ. ಹಣೆಗೆ ದೀಪ ಕಟ್ಟಿಕೊಂಡ ಹುಡುಗ ಹುಡುಗಿಯರು ಪಾಪಾಗ್ನಿ ಮಠದ ಪಕ್ಕದಿಂದ ಸ್ಕಂದಗಿರಿ ಹತ್ತುತ್ತಿದ್ದಾರೆ. ಸುಮಾರು 1,450 ಮೀಟರ್ ಎತ್ತರದ ನೆತ್ತಿಯಲ್ಲಿ ಕೂತು ಸೂರ್ಯ ಹುಟ್ಟುವುದನ್ನು ನೋಡಬೇಕು ಅವರಿಗೆ. ಊರಿನವರ ಬಾಯಲ್ಲಿ ಅದು ಇಂದಿಗೂ ಕಳವಾರ ದುರ್ಗ. ದುರ್ಗದ ಬುಡದ ಹಿತ್ತಲುಗಳಲ್ಲಿ ಮಾತ್ರ ಇವತ್ತು ಯಾರಿಗೂ ತಲೆಯೆತ್ತಿ ಬೆಟ್ಟ ನೋಡಲು ಪುರುಸೊತ್ತಿಲ್ಲ.

ಮೂರು ಕಲ್ಲಿನ ಒಲೆಯ ಮೇಲೆ ಹಂಡೆ ಕೂತಿದೆ. ಒಲೆಗೆ ತುಂಬಿದ್ದು ಹಿಪ್ಪುನೇರಳೆಯ ಒಣಕಡ್ಡಿ. ಎಲೆಯನ್ನು ಹುಳು ತಿಂದು, ಹುಳು ಗೂಡು ಕಟ್ಟಿ, ಗೂಡು ಶಿಡ್ಲಘಟ್ಟದ ಮಾರುಕಟ್ಟೆ ಸೇರಿದ ಮೇಲೆ ರೈತನ ಮನೆಯಲ್ಲಿ ಉಳಿಯುವ ಸೌದೆ ಅದು. ಬೇಗ ಹತ್ತಿಕೊಳ್ಳುತ್ತದೆ, ಹೊಗೆ ಕಡಿಮೆ. ಪಕ್ಕದಲ್ಲಿ ಒಂದು ಹೊರೆ ರಾಗಿ ಹುಲ್ಲು, ಒಂದು ಹಲಗೆ, ಕಲ್ಲಿಗೆ ಮಸೆದ ಎರಡು ಚೂರಿ, ಬಟ್ಟಲಲ್ಲಿ ಅರಿಶಿನ. ನಿನ್ನೆ ಬೇವು ಬೆಲ್ಲ, ಒಬ್ಬಟ್ಟು. ಇವತ್ತು ಬಾಡು. ಬೀದಿಯ ಕೊನೆಯಲ್ಲಿ ಹತ್ತಾರು ಮನೆಯವರು ಸೇರಿ ಕುರಿ ಕೊಯ್ದು ಗುಡ್ಡೆ ಹಾಕುತ್ತಿರುವ ಸದ್ದು ಕೇಳುತ್ತಿದೆ. ಆದರೆ ನನ್ನ ಕಣ್ಣು ಮಂಕರಿಯ ಮೇಲೆ. ಅದರ ಕೆಳಗೆ ಹುಂಜವೊಂದು ರಾತ್ರಿಯಿಂದ ಕೂತಿದೆ.

ಅದಕ್ಕೆ ನಿನ್ನೆ ಸಂಜೆಯಿಂದ ಕಾಳು ಹಾಕಿಲ್ಲ. ನೀರು ಮಾತ್ರ ಇಟ್ಟಿದ್ದಾರೆ. ಕೊರಳ ಬುಡದಲ್ಲಿರುವ ಮೇವಿನ ಚೀಲ ಖಾಲಿಯಾಗಬೇಕು, ಕರುಳು ಹಗುರಾಗಬೇಕು. ತುಂಬಿದ ಚೀಲ ಕೊಯ್ಯುವಾಗ ಒಡೆದರೆ ನೆಂದು ಹುಳಿತ ರಾಗಿಯ ವಾಸನೆ ಮಾಂಸಕ್ಕೆ ಹತ್ತುತ್ತದೆ. ಎಷ್ಟು ಕೊಡ ನೀರು ಸುರಿದರೂ ಬಿಡುವುದಿಲ್ಲ. ಎಂಟರಿಂದ ಹನ್ನೆರಡು ಗಂಟೆ ಮೇವು ನಿಲ್ಲಿಸಬೇಕೆಂದು ಕೋಳಿ ಸಾಕಣೆಯ ಪಾಠಗಳಲ್ಲಿ ಹೇಳುತ್ತಾರೆ. ಹಳ್ಳಿಯ ಮಂಕರಿ ಆ ಪಾಠಕ್ಕಿಂತ ಹಳೆಯದು.

ಮನೆಯ ಅಜ್ಜಿ ಈ ಹುಂಜವನ್ನು ಆರಿಸಿದ್ದು ಗಾತ್ರ ನೋಡಿಯಲ್ಲ. ಎದೆಮೂಳೆಯ ಹಿಂದಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ್ದಾರೆ. ತುದಿ ಬಾಗಿದರೆ ಅದಿನ್ನೂ ಮೆದುಮೂಳೆ, ಹಕ್ಕಿ ಎಳೆಯದು, ಬಾಗದಿದ್ದರೆ ಬಲಿತದ್ದು. ಕಾಲಿನ ಹಿಂಬದಿಯ ಮುಳ್ಳನ್ನೂ ಮುಟ್ಟಿ ನೋಡಿದ್ದಾರೆ, ಇನ್ನೂ ಮೊಟುಕಾಗಿದೆ.

“ಇದಾಗ್ತದೆ ಕಣಪ್ಪ, ಇನ್ನೂ ವರ್ಷ ತುಂಬಿಲ್ಲ. ಆ ಕೆಂಪು ಹುಂಜ ಮುದಿಯಾಗೈತೆ, ಅದನ್ನ ಹಾಕಿದ್ರೆ ಮಧ್ಯಾಹ್ನದ ತನಕ ಒಲೆ ಮುಂದೇನೇ ಕೂತಿರ್ಬೇಕು.”

ಕೊಯ್ಯುವ ಕೆಲಸ ತಾತನದು. ಒಂದು ಗುಟುಕು ನೀರು ಕುಡಿಸಿ, ಎರಡೂ ರೆಕ್ಕೆಯನ್ನು ಒಂದೇ ಕೈಲಿ ಬಿಗಿಹಿಡಿದು, ಹರಿತವಾದ ಚೂರಿಯಿಂದ ಒಂದೇ ಎಳೆತ. ಆಮೇಲೆ ಅವರು ಕೈ ಸಡಿಲಿಸುವುದಿಲ್ಲ. ಒದ್ದಾಟ ನಿಲ್ಲುವವರೆಗೂ ತಲೆ ಕೆಳಗೆ ಮಾಡಿ ಹಿಡಿದೇ ಇರುತ್ತಾರೆ. ರಕ್ತ ಪೂರ್ತಿ ಇಳಿಯದಿದ್ದರೆ ರೆಕ್ಕೆಯ ತುದಿ, ಕುತ್ತಿಗೆ ಕಪ್ಪಾಗುತ್ತವೆ, ಮಾಂಸ ಬೇಗ ಕೆಡುತ್ತದೆ. ನೆಲಕ್ಕೆ ಬಿಟ್ಟರೆ ಬಡಿದುಕೊಂಡು ರೆಕ್ಕೆ ಮೂಳೆ ಮುರಿಯುತ್ತದೆ, ಒಳಗೇ ರಕ್ತ ಹೆಪ್ಪುಗಟ್ಟುತ್ತದೆ. ತಾತ ಇದನ್ನೆಲ್ಲ ಬಾಯಲ್ಲಿ ಹೇಳುವವರಲ್ಲ. ಜೀವ ಹೋಗುವ ಹೊತ್ತಿನಲ್ಲಿ ಮಾತಾಡಬಾರದು ಎನ್ನುವುದು ಅವರ ನಡೆ, ಮಕ್ಕಳೂ ಆಗ ಸುಮ್ಮನಿರುತ್ತಾರೆ.

ಇನ್ನು ನೀರಿನ ಕೆಲಸ. ಪಟ್ಟಣದಲ್ಲಿ ಬೆಳೆದ ಮೊಮ್ಮಗ ಹಂಡೆಯ ಕುದಿನೀರನ್ನೇ ಬಕೆಟ್ಟಿಗೆ ಸುರಿಯಲು ಹೊರಟಾಗ ಅಜ್ಜಿ ತಡೆಯುತ್ತಾರೆ.

“ಏ ಮಗಾ, ಕುದಿಯೋ ನೀರು ಹಾಕ್ಬಾರ್ದು ಕಣೋ. ತೊಗಲು ಬೆಂದೋಗ್ತದೆ, ಪುಕ್ಕದ ಜೊತೆ ಕಿತ್ಕೊಂಡು ಬರ್ತದೆ.”

ಒಂದು ಚೊಂಬು ಕುದಿನೀರಿಗೆ ಒಂದು ಚೊಂಬು ತಣ್ಣೀರು ಅವರ ಲೆಕ್ಕ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಈ ಸೀಮೆಯಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಅರ್ಧಕ್ಕರ್ಧ ತಣ್ಣೀರು ಬೆರೆತರೆ 60 ಡಿಗ್ರಿಯ ಹತ್ತಿರಕ್ಕೆ ಬಂದು ನಿಲ್ಲುತ್ತದೆ. ಕೋಳಿ ಸಂಸ್ಕರಿಸುವ ದೊಡ್ಡ ಘಟಕಗಳೂ ತೊಟ್ಟಿಯ ನೀರನ್ನು ಇದರ ಆಚೀಚೆಯೇ ಇಡುತ್ತವೆ. ಗರಿಯ ಬುಡವನ್ನು ಹಿಡಿದಿಟ್ಟುಕೊಂಡ ಚರ್ಮದ ಕುಳಿ ಆ ಬಿಸಿಗೆ ಸಡಿಲಾಗುತ್ತದೆ. ಅದಕ್ಕಿಂತ ಬಿಸಿಯಾದರೆ ಚರ್ಮವೇ ಬೇಯತೊಡಗುತ್ತದೆ. ಕಾಲು ಹಿಡಿದು ಹಕ್ಕಿಯನ್ನು ಮುಳುಗಿಸಿ, ಗರಿಗಳ ಸಂದಿಗೆ ನೀರು ಇಳಿಯುವಂತೆ ನಾಲ್ಕು ಸಲ ಆಡಿಸಬೇಕು. ಆಮೇಲೆ ರೆಕ್ಕೆಯ ಒಂದು ದೊಡ್ಡ ಗರಿ ಎಳೆದು ನೋಡಬೇಕು. ತಡೆಯಿಲ್ಲದೆ ಬಂದರೆ ಆಯಿತು, ತಕ್ಷಣ ಹೊರಗೆ.

ರೆಕ್ಕೆ ಮತ್ತು ಬಾಲದ ಗರಿಗಳಿಗೆ ಮೊದಲ ಸರದಿ. ಅವು ಆಳವಾಗಿ ನಾಟಿರುತ್ತವೆ, ಮೈ ಆರಿದರೆ ಬಿಗಿದುಕೊಂಡುಬಿಡುತ್ತವೆ. ಆಮೇಲೆ ತೊಡೆ, ಬೆನ್ನು. ಎದೆಯದು ಕೊನೆಗೆ, ಅದೂ ಚೂರು ಚೂರೇ. ಎಡಗೈಯಿಂದ ಚರ್ಮ ಎಳೆದು ಹಿಡಿದು, ಬಲಗೈಯ ಎರಡು ಬೆರಳಿಗೆ ಸಿಗುವಷ್ಟನ್ನೇ, ಗರಿ ಮಲಗಿದ ದಿಕ್ಕಿಗೇ ಕೀಳಬೇಕು. ಆತುರದವನು ಹಿಡಿಗಟ್ಟಲೆ ಎಳೆಯುತ್ತಾನೆ, ಎದೆಯ ತೊಗಲು ಹರಿಯುತ್ತದೆ. ಹುಡುಗರು ಈ ಕೆಲಸಕ್ಕೆ ಪೈಪೋಟಿಯಿಂದ ಕೂರುತ್ತಾರೆ. ಒದ್ದೆ ಪುಕ್ಕ ಕೈಗೆ, ಮೊಣಕಾಲಿಗೆ, ಮೂಗಿನ ತುದಿಗೆ ಅಂಟಿಕೊಳ್ಳುತ್ತದೆ. ಹೊಸ ಗರಿ ಮೊಳೆಯುತ್ತಿರುವ ಹಕ್ಕಿಯಾದರೆ ರಕ್ತ ತುಂಬಿದ ಕರೀ ಮೊಳಕೆಗಳು ಚರ್ಮದೊಳಗೆ ಉಳಿದುಬಿಡುತ್ತವೆ. ಅವನ್ನು ಚೂರಿಯ ಅಲಗು ಮತ್ತು ಹೆಬ್ಬೆರಳಿನ ನಡುವೆ ಕಚ್ಚಿ ಒಂದೊಂದಾಗಿ ಕೀಳುವುದು ಅಜ್ಜಿಯ ಪಾಲಿನ ಕೆಲಸ. ಕನ್ನಡಕವಿಲ್ಲದೆ ಬೆರಳಿನಿಂದಲೇ ಹುಡುಕಿ ತೆಗೆಯುತ್ತಾರೆ.

ಪುಕ್ಕವೆಲ್ಲ ಬಿಟ್ಟ ಮೇಲೆ ಹಲಗೆಯ ಮೇಲೆ ಮಲಗಿದ ಹಕ್ಕಿಯ ಚರ್ಮ ಹಳದಿ. ಈ ಬಣ್ಣದ ಹಿಂದೆ ನಮ್ಮ ಕಾಡಿನ ಕಥೆಯೊಂದಿದೆ. ಲೋಕದ ಸಾಕುಕೋಳಿಗಳ ಮೂಲ ಕೆಂಪು ಕಾಡುಕೋಳಿ ಎಂದು ಡಾರ್ವಿನ್ನನ ಕಾಲದಿಂದ ನಂಬಿಕೊಂಡು ಬಂದಿದ್ದರು. 2008ರಲ್ಲಿ ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಅವರ ಜೊತೆಗಾರರು ವಂಶವಾಹಿಗಳನ್ನು ಹೋಲಿಸಿ ನೋಡಿದಾಗ, ಹಳದಿ ಚರ್ಮದ ಗುಣ ಕೆಂಪು ಕಾಡುಕೋಳಿಯಿಂದ ಬಂದದ್ದಲ್ಲ, ಬಹುಮಟ್ಟಿಗೆ ಬೂದು ಕಾಡುಕೋಳಿಯಿಂದ ಬಂದದ್ದು ಎಂದು ಗೊತ್ತಾಯಿತು. ಬೂದು ಕಾಡುಕೋಳಿ ಭಾರತದ ಹಕ್ಕಿ, ಅದರಲ್ಲೂ ದಕ್ಷಿಣದ ಕಾಡುಗಳದ್ದು. ಅದರ ಹುಂಜದ ಕುತ್ತಿಗೆಯ ಚುಕ್ಕೆಗರಿಗೆ ಒಂದು ಕಾಲಕ್ಕೆ ವಿಲಾಯಿತಿಯ ಮೀನು ಹಿಡಿಯುವವರಲ್ಲಿ ಭಾರಿ ಬೇಡಿಕೆಯಿತ್ತು, ಗಾಳಕ್ಕೆ ಕಟ್ಟುವುದಕ್ಕೆಂದು. ಆ ಕಾಡುಹಕ್ಕಿಯ ರಕ್ತ ಎಂದೋ ಊರಿನ ಕೋಳಿಯೊಳಗೆ ಬೆರೆತು, ಇವತ್ತು ಲೋಕದ ಮೂಲೆಮೂಲೆಯ ಅಂಗಡಿಗಳ ಕೋಳಿಯ ಮೈಯಲ್ಲಿ ಹಳದಿಯಾಗಿ ಉಳಿದಿದೆ. ಹಿತ್ತಲಿನ ಹಲಗೆಯ ಮೇಲೆ ಅದನ್ನು ಕಂಡಾಗ ನನಗೆ ನಿಜವಾಗಿಯೂ ಸಂತೋಷವಾಗುತ್ತದೆ.

ಹಕ್ಕಿಯನ್ನು ಹಸನು ಮಾಡುವ ಈ ಕೈಚಳಕವೂ ಕಾಡಿನ ಕಡೆಯಿಂದಲೇ ಬಂದದ್ದು. ಚಿಂತಾಮಣಿ, ಗೌರಿಬಿದನೂರು ಕಡೆಯ ಕುರುಚಲು ಬೆಟ್ಟಗಳ ಬುಡ, ಕಡಲೆಕಾಯಿ ಹೊಲದ ಬದು, ರಾಗಿಯ ಕೂಳೆ, ಇವೆಲ್ಲ ಕೌಜಿನ ಜಾಗ. ಬೆಳಗಾಗುತ್ತಲೇ ಒಂದು ಬೇಲಿಯಿಂದ ಇನ್ನೊಂದು ಬೇಲಿಗೆ ಜೋರಾಗಿ ಕೂಗಿಕೊಳ್ಳುವ ಹಕ್ಕಿ. ಅದಕ್ಕಿಂತ ಸಣ್ಣದು ಲಾವಕ್ಕಿ. ಹಿಂದಿನವರು ಉರುಲು ಒಡ್ಡಿ, ಬಲೆ ಕಟ್ಟಿ, ಪಳಗಿಸಿದ ದೀವದ ಹಕ್ಕಿಯಿಂದ ಕೂಗಿಸಿ ಇವನ್ನು ಹಿಡಿಯುತ್ತಿದ್ದರು. ಊರಿಂದೂರಿಗೆ ತಿರುಗುತ್ತಿದ್ದ ಹಕ್ಕಿಪಿಕ್ಕಿಗಳ ಜೀವನವೇ ಅದಾಗಿತ್ತು. ಈ ಹಕ್ಕಿಗಳಿಗೆ ಬಿಸಿನೀರು ಹಾಕುವ ಪದ್ಧತಿ ಇರಲಿಲ್ಲ. ಚರ್ಮ ತೀರಾ ತೆಳು, ನೀರಿಗೆ ತಾಳುವುದಿಲ್ಲ. ಮೈ ಬಿಸಿಯಿರುವಾಗಲೇ, ಹಿಡಿದ ಜಾಗದಲ್ಲೇ ಕೂತು, ಒಣಪುಕ್ಕ ಬಿಡಿಸಿ, ಹುಲ್ಲುರಿಗೆ ತೋರಿಸಿ ಮನೆಗೆ ತರುತ್ತಿದ್ದರು. ಹಿರಿಯರು ಮರೆಯದೆ ಮಾಡುತ್ತಿದ್ದ ಇನ್ನೊಂದು ಕೆಲಸವೆಂದರೆ ಮೇವಿನ ಚೀಲ ಬಿಡಿಸಿ ನೋಡುವುದು. ಒಳಗೆ ಹುಲ್ಲಿನ ಬೀಜ ಸಿಕ್ಕಿತೋ, ರಾಗಿ ಸಿಕ್ಕಿತೋ, ಗೆದ್ದಲು ಸಿಕ್ಕಿತೋ ಎನ್ನುವುದರ ಮೇಲೆ ಹಕ್ಕಿ ಎಲ್ಲಿ ಮೇಯುತ್ತಿದೆ, ನಾಳೆ ಎಲ್ಲಿ ಸಿಗುತ್ತದೆ ಎಂದು ತಿಳಿಯುತ್ತಿತ್ತು.

ಅರಮನೆಗಳಲ್ಲಿ ಇದೇ ವಿದ್ಯೆ ಶಾಸ್ತ್ರವಾಯಿತು. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಡೇಗೆ ಬಿಟ್ಟು ಹಕ್ಕಿ ಹಿಡಿಸುವ ಶ್ಯೇನವಿನೋದವಿದೆ, ಹುಂಜದ ಕಾಳಗವಿದೆ, ಲಾವಕ್ಕಿಯ ಕಾಳಗವೂ ಇದೆ. ಅದರ ಅನ್ನಭೋಗದ ಭಾಗದಲ್ಲಿ ಹಂದಿಯ ಮೈಕೂದಲು ತೆಗೆಯುವ ಕ್ರಮವನ್ನು ವಿವರಿಸುವಾಗ ಎರಡು ದಾರಿ ಕಾಣುತ್ತವೆ: ಒಂದು ಬಿಸಿನೀರು, ಇನ್ನೊಂದು ಹುಲ್ಲಿನ ಉರಿ. ಒಂಬತ್ತು ಶತಮಾನದ ಹಿಂದಿನ ಆ ಎರಡೂ ಈ ಹಿತ್ತಲಿನಲ್ಲಿ ಅಕ್ಕಪಕ್ಕದಲ್ಲೇ ಇವೆ, ಹಂಡೆಯಾಗಿ ಮತ್ತು ರಾಗಿ ಹುಲ್ಲಿನ ಹೊರೆಯಾಗಿ. ಆಯುರ್ವೇದದ ಚರಕ ಸಂಹಿತೆಯಂತೂ ಲಾವಕ್ಕಿಯ ಮಾಂಸವನ್ನು ಜೀರ್ಣಕ್ಕೆ ಹಗುರವೆಂದು ಹೊಗಳುತ್ತದೆ.

ಬ್ರಿಟಿಷರ ಕಾಲದಲ್ಲಿ ಬೆಂಗಳೂರಿನ ದಂಡಿನ ಸಾಹೇಬರು ಸುತ್ತಲಿನ ಕೆರೆಗಳ ಜೌಗಿನಲ್ಲಿ ಉಲ್ಲಂಕಿ ಹೊಡೆಯುತ್ತಿದ್ದರು. ಅವರ ಅಡುಗೆಯಲ್ಲಿ ಉಲ್ಲಂಕಿಯ ಕರುಳು ತೆಗೆಯದೆ ಇಡಿಯಾಗಿ ಸುಡುವುದೇ ಮರ್ಯಾದೆ. ಅವರ ನಾಡಿನಲ್ಲಿ ಬೇಟೆಯ ಹಕ್ಕಿಯನ್ನು ಪುಕ್ಕ ಸಮೇತ ಹಲವು ದಿನ ತಣ್ಣನೆಯ ಕೋಣೆಯಲ್ಲಿ ನೇತುಹಾಕಿ ಮಾಂಸ ಮೆದುವಾಗಲು ಬಿಡುತ್ತಾರೆ. ಅಲ್ಲಿನ ಚಳಿಗೆ ಅದು ಸರಿ. ನಮ್ಮ ಬಿಸಿಲಿನಲ್ಲಿ ಹೊತ್ತು ಮುಳುಗುವುದರೊಳಗೆ ಹಕ್ಕಿ ಕೆಟ್ಟುಹೋಗುತ್ತದೆ. ಆದ್ದರಿಂದ ನಮ್ಮವರ ವಿದ್ಯೆಯೆಲ್ಲ ಬೇಗ ಬಿಡಿಸುವುದರಲ್ಲಿ, ಬೇಗ ಬರಿದುಮಾಡುವುದರಲ್ಲಿ, ಉರಿ ಅರಿಶಿನಗಳಿಂದ ಕಾಯುವುದರಲ್ಲಿ ಬೆಳೆಯಿತು. ಮಾಂಸ ಮೆದುವಾಗುವ ಕೆಲಸವನ್ನು ಅವರು ಗಡಿಯಾರಕ್ಕೆ ಬಿಟ್ಟರು, ನಾವು ಸಣ್ಣ ಉರಿಗೆ ಬಿಟ್ಟೆವು.

ಆ ಬೇಟೆ ಈಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗಲೂ ಪರವಾನಗಿ ಪಡೆದು ಸಣ್ಣಬೇಟೆಯಾಡುವ ದಾರಿಯೊಂದು ಉಳಿದಿತ್ತು. 1991ರ ತಿದ್ದುಪಡಿ ಅದನ್ನೂ ಮುಚ್ಚಿತು. ಇವತ್ತು ಕೌಜು, ಲಾವಕ್ಕಿ, ಕಾಡುಕೋಳಿ ಯಾವುದನ್ನೂ ಹಿಡಿಯುವಂತಿಲ್ಲ. ಹಕ್ಕಿಪಿಕ್ಕಿಗಳಲ್ಲಿ ಅನೇಕರು ಗಿಡಮೂಲಿಕೆ, ತಲೆಗೂದಲಿನ ಎಣ್ಣೆ ಹಿಡಿದು ಆಫ್ರಿಕಾದವರೆಗೂ ವ್ಯಾಪಾರಕ್ಕೆ ಹೋದರು. 2023ರಲ್ಲಿ ಸುಡಾನಿನ ಯುದ್ಧದ ನಡುವೆ ಸಿಕ್ಕಿಬಿದ್ದ ಕನ್ನಡಿಗರೆಂದು ಪತ್ರಿಕೆಗಳಲ್ಲಿ ಬಂದದ್ದು ಅವರ ಸುದ್ದಿಯೇ. ಕಾನೂನು ಸರಿಯಾದದ್ದು ಎಂದು ನಾನು ಪೂರ್ಣಮನಸ್ಸಿನಿಂದ ನಂಬುತ್ತೇನೆ. ಬೆಟ್ಟದ ಬುಡಕ್ಕೆ ರೆಸಾರ್ಟು, ಹೊಲಕ್ಕೆ ಲೇಔಟು ಬಂದಿರುವಾಗ ಉಳಿದ ನಾಲ್ಕು ಕೌಜುಗಳು ಬೇಲಿಯಲ್ಲೇ ಇರಲಿ. ಆದರೆ ಹಿಡಿಯುವುದು ನಿಂತಿತೆಂದು ಹಸನು ಮಾಡುವ ಕೈಯೂ ನಿಲ್ಲಬೇಕಾಗಿಲ್ಲ. ಅದು ಊರಿನ ಹುಂಜದ ಮೇಲೆ, ಹೇಟೆಯ ಮೇಲೆ ಬದುಕಿಕೊಂಡಿದೆ. ಮತ್ತು ಅದರ ಅತಿ ಮುಖ್ಯ ಘಟ್ಟ ಈಗ ಬರುತ್ತಿದೆ.

ತಾತ ಒಂದು ಹಿಡಿ ರಾಗಿ ಹುಲ್ಲನ್ನು ಸುತ್ತಿ ಒಲೆಗೆ ಹಿಡಿದರು. ಅದು ಭಗ್ಗನೆ ಹತ್ತಿಕೊಂಡಿತು. ಎಡಗೈಯಲ್ಲಿ ಕಾಲು, ಕುತ್ತಿಗೆ ಎರಡನ್ನೂ ಹಿಡಿದು ಹಕ್ಕಿಯನ್ನು ಉರಿಯ ಮೇಲೆ ಹಾಯಿಸುತ್ತಾರೆ. ಒಂದು ಕಡೆ ನಿಲ್ಲಿಸುವುದಿಲ್ಲ. ಬೆನ್ನು, ಪಕ್ಕೆ, ರೆಕ್ಕೆಯ ಕಂಕುಳು, ತೊಡೆಯ ಸಂದಿ, ಹೀಗೆ ತಿರುಗಿಸುತ್ತಲೇ ಇರಬೇಕು. ಪುಕ್ಕ ಬಿಟ್ಟ ಮೇಲೂ ಚರ್ಮದ ಮೇಲೆ ಕೂದಲೆಳೆಯಂಥ ಸಣ್ಣ ಗರಿಗಳು ಉಳಿದಿರುತ್ತವೆ. ಕೈಗೆ ಸಿಗುವಂಥವಲ್ಲ, ಉರಿಯೇ ಅವನ್ನು ತೆಗೆಯಬೇಕು. ಚಟಪಟ ಸದ್ದಿನೊಡನೆ ಅವು ಸುರುಟಿ ಹೋಗುತ್ತವೆ. ಮೊದಲು ಸುಟ್ಟ ಕೂದಲಿನ ಕಮಟು. ಅದು ಹೋದ ಮೇಲೆ ಚರ್ಮದಡಿಯ ಕೊಬ್ಬು ಬಿಸಿಯಾಗಿ ಬೇರೊಂದು ವಾಸನೆ ಏಳುತ್ತದೆ. ಆ ವಾಸನೆ ಮೂಗಿಗೆ ಬಂದರೆ ಸಾಕು, ಬೀದಿಯ ನಾಯಿಗಳು ಹಿತ್ತಲಿನ ಬಾಗಿಲಿಗೆ ಬಂದು ಕೂರುತ್ತವೆ.

ಈ ಉರಿಯಲ್ಲಿ ಎರಡು ಸಂಗತಿ ಆಗುತ್ತವೆ. ಚರ್ಮ ಬಿಗಿದುಕೊಂಡು ಮೈಗೆ ಅಂಟುತ್ತದೆ, ಕತ್ತರಿಸುವಾಗ ಜಾರುವುದಿಲ್ಲ, ಸಾರಿನಲ್ಲಿ ಬೆಂದಾಗ ತುಂಡಿನಿಂದ ಬೇರೆಯಾಗುವುದಿಲ್ಲ. ಎರಡನೆಯದು, ಹೊಗೆಯ ಒಂದು ಪದರ ಕೊಬ್ಬಿನೊಳಗೆ ಇಳಿಯುತ್ತದೆ. ನಾಟಿ ಕೋಳಿ ಸಾರಿಗೆ ಬೇರೆ ಯಾವ ಮಸಾಲೆಯೂ ಕೊಡಲಾರದ ರುಚಿ ಅದು. ಹುಲ್ಲುರಿಯೇ ಆಗಬೇಕೆಂದು ತಾತ ಹಟ ಹಿಡಿಯುವುದು ಇದಕ್ಕೆ. ಈಗ ಪಟ್ಟಣದ ಮನೆಗಳಲ್ಲಿ ಗ್ಯಾಸಿನ ಒಲೆಯ ಮೇಲೆ ಸುಡುತ್ತಾರೆ, ಕೂದಲು ಹೋಗುತ್ತದೆ, ಹೊಗೆಯ ಪದರ ಮಾತ್ರ ಬರುವುದಿಲ್ಲ. ಸೀಮೆಎಣ್ಣೆ ಹಾಕಿದ ಬೆಂಕಿಗೆ ತೋರಿಸಿದರಂತೂ ಹಕ್ಕಿ ಕೆಟ್ಟಿತೆಂದೇ ಲೆಕ್ಕ, ಆ ವಾಸನೆ ಮುದ್ದೆಯ ಕೊನೆಯ ತುತ್ತಿನವರೆಗೂ ಬಿಡುವುದಿಲ್ಲ.

ಕಾಲುಗಳನ್ನು ಕೊನೆಗೆ ಕೆಂಡಕ್ಕೆ ಒತ್ತುತ್ತಾರೆ. ಮೇಲಿನ ಪೊರೆ ಉಬ್ಬಿ ಬಿರಿಯುತ್ತದೆ. ಬಟ್ಟೆ ಸುತ್ತಿ ಎಳೆದರೆ ಹಿದುಕಿದ ಅವರೆಯ ಸಿಪ್ಪೆಯ ಹಾಗೆ ಪೂರ್ತಿ ಕಳಚಿಕೊಂಡು ಬರುತ್ತದೆ, ಒಳಗಿನಿಂದ ಹಳದಿ ಬಣ್ಣದ ಹೊಸ ಕಾಲು. ಉಗುರಿನ ತುದಿ ಕತ್ತರಿಸಿ ಎಸೆಯುತ್ತಾರೆ. ಇಷ್ಟಾದ ಮೇಲೆ ಅರಿಶಿನವನ್ನು ನೀರಿನಲ್ಲಿ ಕಲಸಿ ಮೈತುಂಬ ಹಚ್ಚಿ, ಮಸಿಯೆಲ್ಲ ಹೋಗುವಂತೆ ತೆಂಗಿನ ನಾರಿನಿಂದ ಉಜ್ಜಿ, ಎರಡು ಮೂರು ನೀರಿನಲ್ಲಿ ತೊಳೆಯುತ್ತಾರೆ. ತೊಳೆಯುವುದು ಮುಗಿಯಬೇಕಾದ್ದು ಇಡಿಯಾಗಿರುವಾಗಲೇ. ತುಂಡು ಮಾಡಿದ ಮೇಲೆ ಮತ್ತೆ ಮತ್ತೆ ನೀರಿಗೆ ಹಾಕಿದರೆ ರುಚಿಯೂ ನೀರಿನ ಜೊತೆ ಹರಿದುಹೋಗುತ್ತದೆ ಎನ್ನುವುದು ಅಜ್ಜಿಯ ಕಟ್ಟುನಿಟ್ಟು.

ಹೊಟ್ಟೆ ಸೀಳುವುದಕ್ಕೆ ಮೊದಲು ಬಾಲದ ಬುಡದಲ್ಲಿ ಬೆನ್ನಿನ ಮೇಲಿರುವ ಎಣ್ಣೆಗಂಟನ್ನು ಕೊಯ್ದು ಎಸೆಯಬೇಕು. ಹಕ್ಕಿ ಕೊಕ್ಕಿನಿಂದ ಒತ್ತಿ ಗರಿಗೆ ಸವರಿಕೊಳ್ಳುವ ಎಣ್ಣೆ ಅಲ್ಲಿರುತ್ತದೆ, ಸಾರಿಗೆ ಬಿದ್ದರೆ ಕಮಟು. ಅಂಗಡಿಯಲ್ಲಿ ಇದನ್ನು ತೆಗೆಯುವವರನ್ನು ನಾನು ಕಂಡದ್ದು ಅಪರೂಪ. ಆಮೇಲೆ ಕುತ್ತಿಗೆಯ ಬುಡದಲ್ಲಿ ಚರ್ಮ ಸೀಳಿ, ಮೇವಿನ ಚೀಲವನ್ನು ಬೆರಳಿನಿಂದ ಬಿಡಿಸಿ, ಒಡೆಯದಂತೆ ಎಳೆದು ತೆಗೆಯುತ್ತಾರೆ. ಉಪವಾಸದ ಹುಂಜ, ಚೀಲ ಬರಿದಾಗಿದೆ. ಗುದದ ಸುತ್ತ ಚೂರಿಯ ತುದಿಯಿಂದ ಮೆಲ್ಲನೆ ಕೊಯ್ದು, ಎರಡು ಬೆರಳು ಒಳಗೆ ಹಾಕಿ, ಪಕ್ಕೆಗೂಡಿನ ಒಳಮೈಯನ್ನು ಸವರುತ್ತಾ ಎಲ್ಲವನ್ನೂ ಒಟ್ಟಿಗೆ ಹೊರಗೆ ತರಬೇಕು. ಕರುಳು ಹರಿಯಬಾರದು. ಈಲಿಗೆ ಅಂಟಿಕೊಂಡ ಹಸಿರು ಪಿತ್ತದ ಚೀಲವಂತೂ ಒಡೆಯಲೇಬಾರದು. ತಾತ ಅದನ್ನು ಬಿಡಿಸುವ ಗೋಜಿಗೇ ಹೋಗುವುದಿಲ್ಲ. ಸುತ್ತಲಿನ ಈಲಿಯ ಚೂರಿನ ಸಮೇತ ಕತ್ತರಿಸಿ ಎಸೆಯುತ್ತಾರೆ. ಒಂದು ಚೂರು ಈಲಿ ಹೋಗಲಿ, ಇಡೀ ಪಾತ್ರೆ ಕಹಿಯಾಗುವುದು ಬೇಡ. ಬೆನ್ನುಮೂಳೆಯ ಸಂದಿಗೆ ಕಚ್ಚಿಕೊಂಡ ಶ್ವಾಸಕೋಶವನ್ನು ಉಗುರಿನಿಂದ ಕೆರೆದು ತೆಗೆಯುವುದು ಕೊನೆಯ ಕೆಲಸ.

ತೆಲುಗು ಬೆರೆತ ಈ ಸೀಮೆಯಲ್ಲಿ ಕಂದನಕಾಯಿ ಎನ್ನುವ ಆ ಗಟ್ಟಿ ಉಂಡೆಯನ್ನು ಅಜ್ಜಿ ಕೈಗೆತ್ತಿಕೊಂಡರು. ಹಲ್ಲಿಲ್ಲದ ಹಕ್ಕಿ ಕಾಳನ್ನು ಅರೆಯುವುದು ಇದರೊಳಗೆ. ಅಂಚಿನ ಮೇಲೆ ಒಂದು ಸೀಳು ಹಾಕಿ ಎರಡು ಹೋಳಾಗಿ ಬಿಡಿಸಿದರೆ ಒಳಗೆ ಸಣ್ಣ ಬೆಣಚುಕಲ್ಲುಗಳು, ಒಂದು ಗಾಜಿನ ಚೂರು, ಅರೆದ ಹೊಟ್ಟು. ದುರ್ಗದ ಬಂಡೆಯ ಪುಡಿಯೇ ಇಲ್ಲಿ ಬೀಸುವ ಕಲ್ಲು. ಒಳಗಿನ ಹಳದಿ ಪೊರೆಯ ಅಂಚನ್ನು ಉಗುರಿನಿಂದ ಎಬ್ಬಿಸಿ ಎಳೆದರೆ ಒಂದೇ ಸಲಕ್ಕೆ ಬರುತ್ತದೆ. ನೀರು ತಾಗುವ ಮೊದಲೇ ಎಳೆಯಬೇಕು, ಒದ್ದೆಯಾದರೆ ಜಾರುತ್ತದೆ. ಹೇಟೆಯಾಗಿದ್ದರೆ ಇನ್ನೊಂದು ಸೊಗಸು ಸಿಗುತ್ತಿತ್ತು: ಬೆನ್ನಿನ ಒಳಗಡೆ ಗೊಂಚಲಾಗಿ ಕಟ್ಟಿರುವ, ಚಿಪ್ಪು ಕಾಣದ ಎಳೆ ಮೊಟ್ಟೆಗಳು, ಸಾಸಿವೆಯಷ್ಟರಿಂದ ನೆಲ್ಲಿಕಾಯಿಯಷ್ಟರವರೆಗೆ. ಮಕ್ಕಳು ಅದಕ್ಕಾಗಿ ಕಾಯುತ್ತಾರೆ.

ಚಿಕ್ಕಬಳ್ಳಾಪುರದ ಅಂಗಡಿಗಳಲ್ಲಿ, ಹೆದ್ದಾರಿಯ ಹೋಟೆಲುಗಳಲ್ಲಿ ಈಗ ಕೌಜು ಎಂದು ಸಿಗುವುದು ಫಾರಂನ ಜಪಾನೀ ಲಾವಕ್ಕಿ. 1974ರಲ್ಲಿ ಕ್ಯಾಲಿಫೋರ್ನಿಯಾದಿಂದ ಉತ್ತರ ಪ್ರದೇಶದ ಇಜ್ಜತ್‌ನಗರಕ್ಕೆ ಬಂದ ಹಕ್ಕಿ. ಹದಿನೇಳು ಹದಿನೆಂಟು ದಿನಕ್ಕೆ ಮೊಟ್ಟೆಯೊಡೆದು, ಐದನೆಯ ವಾರಕ್ಕೆ ನೂರೈವತ್ತರಿಂದ ಇನ್ನೂರು ಗ್ರಾಂ ತೂಗಿ ಪಾತ್ರೆಗೆ ಸಿದ್ಧವಾಗುತ್ತದೆ. ಅಂಗಡಿಯವರು ಇದರ ಪುಕ್ಕ ಬಿಡಿಸುವುದಿಲ್ಲ. ಎದೆಯ ಮೇಲೆ ಒಂದು ಸೀಳು ಹಾಕಿ ಚರ್ಮ ಪುಕ್ಕ ಎಲ್ಲವನ್ನೂ ಅಂಗಿ ಕಳಚಿದ ಹಾಗೆ ಎಳೆದು ಬಿಸಾಡುತ್ತಾರೆ. ಅರ್ಧ ನಿಮಿಷದ ಕೆಲಸ. ಅವರ ಮುಂದೆ ಗಿರಾಕಿಗಳ ಸಾಲು ಇರುತ್ತದೆ, ಅವರನ್ನು ದೂರಲಾರೆ. ಆದರೆ ಅಷ್ಟು ಸಣ್ಣ ಹಕ್ಕಿಗೆ ಇರುವ ಚೂರು ಕೊಬ್ಬೆಲ್ಲ ಚರ್ಮದಡಿಯಲ್ಲೇ. ಅದು ಹೋದರೆ ಎದೆ ಬಾಣಲೆಯಲ್ಲಿ ಒಣಗಿ ನಾರಾಗುತ್ತದೆ, ಆಮೇಲೆ ಮಸಾಲೆಯ ಖಾರವೊಂದೇ ನಾಲಗೆಗೆ ಸಿಗುವುದು. ಹೇಳಿದರೆ ಚರ್ಮ ಉಳಿಸಿ ಕೊಡುವ ಅಂಗಡಿಗಳಿವೆ. ಮನೆಗೆ ತಂದು, ಕತ್ತರಿಯಿಂದ ಬೆನ್ನುಮೂಳೆಯ ಎರಡೂ ಪಕ್ಕ ಕತ್ತರಿಸಿ ತೆಗೆದು, ಹಕ್ಕಿಯನ್ನು ಪುಸ್ತಕ ಬಿಚ್ಚಿದಂತೆ ಚಪ್ಪಟೆ ಮಾಡಿ, ಉರಿಗೆ ಒಂದು ಸುತ್ತು ತೋರಿಸಿ, ಉಪ್ಪು, ಅರಿಶಿನ, ಮೆಣಸು ಸವರಿ ಹುರಿದು ನೋಡಿ. ಹಳಬರು ಲಾವಕ್ಕಿಯನ್ನು ಯಾಕೆ ಅಷ್ಟು ನೆನೆಯುತ್ತಿದ್ದರೆಂದು ತಿಳಿಯುತ್ತದೆ.

ಕೋಳಿಯ ಅಂಗಡಿಯಲ್ಲೂ ಇದೇ ಕಥೆ. ಆರು ವಾರದ ಬ್ರಾಯ್ಲರ್‌ಗೆ ಚರ್ಮ ಸುಲಿಯುವುದೇ ರೂಢಿ. ರಬ್ಬರಿನ ಬೆರಳುಗಳಿರುವ ತಿರುಗುವ ಡ್ರಮ್ಮು ಪುಕ್ಕವನ್ನೇನೋ ತೆಗೆಯುತ್ತದೆ, ಆದರೆ ಎಳೆ ಚರ್ಮ ಅಲ್ಲಲ್ಲಿ ಹರಿದಿರುತ್ತದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ, ಆಮೇಲಿನ ಸ್ವರ್ಣಧಾರ ತಳಿಗಳು ಹಿತ್ತಲಿಗೆ ಬಂದದ್ದು ಒಳ್ಳೆಯದೇ ಆಯಿತು. ಬೇಗ ಬೆಳೆಯುತ್ತವೆ, ಮೈಗೆ ಬಣ್ಣದ ಗರಿಯಿದೆ, ಹುಲ್ಲುರಿಗೆ ತಾಳುವ ಚರ್ಮವೂ ಇದೆ. ನಾಟಿಯ ಜಾಗ ಅವು ತುಂಬುವುದಿಲ್ಲ, ಆದರೆ ಸುಡುವ ವಿದ್ಯೆಯನ್ನು ಉಳಿಸುತ್ತವೆ.

ಈ ಕೆಲಸದಲ್ಲಿ ಈಗ ಒಂದು ಭಯವೂ ಸೇರಿಕೊಂಡಿದೆ. 2025ರ ಫೆಬ್ರುವರಿ ಕೊನೆಯಲ್ಲಿ ಇದೇ ಚಿಕ್ಕಬಳ್ಳಾಪುರ ತಾಲೂಕಿನ ವರದಹಳ್ಳಿಯಲ್ಲಿ ಹಿತ್ತಲ ಕೋಳಿಗಳು ಸತ್ತು ಹಕ್ಕಿಜ್ವರ ಖಚಿತವಾಯಿತು. ಉಳಿದ ಕೋಳಿಗಳನ್ನೂ ಕೊಂದು ಹೂಳಬೇಕಾಯಿತು. ಯುಗಾದಿಗೆ ಒಂದೇ ತಿಂಗಳು ಇದ್ದ ಹೊತ್ತು. ರೋಗಾಣು ಬೆಂದ ಮಾಂಸದಲ್ಲಿ ಉಳಿಯುವುದಿಲ್ಲ, ಒಳಗಿನವರೆಗೂ 70 ಡಿಗ್ರಿ ಬಿಸಿ ತಾಗಿದರೆ ಸಾಯುತ್ತದೆ. ಅಪಾಯವಿರುವುದು ಬೇಯುವ ಮೊದಲು, ರಕ್ತ, ಹಿಕ್ಕೆ, ಪುಕ್ಕಗಳಲ್ಲಿ ಕೈಯಾಡಿಸುವಾಗ. ತೂಕಡಿಸುವ, ಜೊಲ್ಲು ಸುರಿಸುವ, ಜುಟ್ಟು ನೀಲಿಗಟ್ಟಿದ ಹಕ್ಕಿಯನ್ನು ಹೇಗೂ ಸಾಯುತ್ತದಲ್ಲ ಎಂದು ಕೊಯ್ಯುವ ಹಳೆಯ ಚಾಳಿಯನ್ನು ಬಿಡಲೇಬೇಕು. ಕಳವಾರದ ಈ ಮನೆಯಲ್ಲಿ ಪುಕ್ಕ, ಕರುಳುಗಳನ್ನು ತಿಪ್ಪೆಗೆ ಎಸೆಯುವುದಿಲ್ಲ. ತೆಂಗಿನ ಬುಡದಲ್ಲಿ ಮೊಣಕಾಲುದ್ದದ ಗುಂಡಿ ತೋಡಿ, ಸುಣ್ಣ ಚೆಲ್ಲಿ ಮುಚ್ಚುತ್ತಾರೆ. ಕೂತವರೆಲ್ಲ ಸೋಪು ಹಚ್ಚಿ ಮೊಣಕೈವರೆಗೆ ತೊಳೆದುಕೊಂಡ ಮೇಲೆಯೇ ಒಳಗೆ ಪ್ರವೇಶ.

ಕತ್ತರಿಸುವುದು ಹುಣಸೆ ಮರದ ಕೊರಡಿನ ಮೇಲೆ. ಹುಣಸೆ ಗಟ್ಟಿ, ಏಟಿಗೆ ಪುಡಿಯುದುರುವುದಿಲ್ಲ. ತಾತ ಮಚ್ಚನ್ನು ಬೆನ್ನಿಗೆ, ಎದೆಗೆ ಮಾತ್ರ ಬಳಸುತ್ತಾರೆ. ತೊಡೆ, ರೆಕ್ಕೆಗಳನ್ನು ಚೂರಿಯಿಂದ ಕೀಲು ಹುಡುಕಿ ಬಿಡಿಸುತ್ತಾರೆ. ಕೀಲಿನಲ್ಲಿ ಬಿಟ್ಟ ತುಂಡಿನಲ್ಲಿ ಮೂಳೆಯ ಚಕ್ಕೆ ಇರುವುದಿಲ್ಲ, ಮಕ್ಕಳ ಗಂಟಲಿಗೆ ಚುಚ್ಚುವುದಿಲ್ಲ. ಹಿತ್ತಲಲ್ಲಿ ಓಡಾಡಿಕೊಂಡಿದ್ದ ಹುಂಜದ ತೊಡೆ ಕಡುಗೆಂಪು, ಎದೆ ಬಿಳಿ. ದಿನವಿಡೀ ನಡೆಯುವ ಕಾಲಿನ ಮಾಂಸಕ್ಕೆ ಉಸಿರಿನ ಗಾಳಿಯನ್ನು ಹಿಡಿದಿಡುವ ಕೆಂಬಣ್ಣ ಬೇಕು, ಎಂದೋ ಒಮ್ಮೆ ಗೋಡೆ ಹಾರುವ ಎದೆಗೆ ಬೇಡ. ದೂರ ಹಾರುವ ಪಾರಿವಾಳದಲ್ಲಿ ಇದು ಉಲ್ಟಾ, ಅದರ ಎದೆಯೇ ಕೆಂಪು.

ಅಡುಗೆಮನೆಯಲ್ಲಿ ಹುರಿದ ಧನಿಯ, ಒಣಮೆಣಸಿನಕಾಯಿ, ಕೊಬ್ಬರಿ, ಗಸಗಸೆ ರುಬ್ಬುವ ಕಲ್ಲಿನಲ್ಲಿ ನುಣ್ಣಗಾಗಿವೆ. ಕಡಲೆಕಾಯಿ ಎಣ್ಣೆಯಲ್ಲಿ ಈರುಳ್ಳಿ ಕೆಂಪಾದ ಮೇಲೆ ಮಾಂಸ, ಅರಿಶಿನ, ಉಪ್ಪು ಹಾಕಿ ಅದರ ನೀರಿನಲ್ಲೇ ಬಾಡಿಸುತ್ತಾರೆ. ಸುಟ್ಟ ಚರ್ಮದ ಕೊಬ್ಬು ಕರಗಿ ಎಣ್ಣೆಗೆ ಸೇರುವುದು ಆಗಲೇ. ಮಸಾಲೆ ಆಮೇಲೆ. ನೀರನ್ನು ಒಂದೇ ಸಲಕ್ಕೆ, ಬಿಸಿಯಾಗಿಯೇ ಹಾಕಿ, ಸಣ್ಣ ಉರಿಯಲ್ಲಿ ಒಂದೂವರೆ ಗಂಟೆ. ಕುಕ್ಕರ್ ಮೂಲೆಯಲ್ಲೇ ಇದೆ, ಅಜ್ಜಿ ಅದರ ಕಡೆ ತಿರುಗಿಯೂ ನೋಡಲಿಲ್ಲ.

ಮುದ್ದೆ ತಟ್ಟೆಗೆ ಬಿದ್ದಾಗ ಸೌಟು ಹಿಡಿದವರೂ ಅಜ್ಜಿಯೇ. ಮನೆಗೆ ಬಂದ ಅಳಿಯನಿಗೆ ಒಂದು ತೊಡೆ. ಇನ್ನೊಂದು ತೊಡೆ ಬಾಣಂತನ ಮುಗಿಸಿದ ಮೊಮ್ಮಗಳಿಗೆ. ತಾತನಿಗೆ ಕುತ್ತಿಗೆ ಮತ್ತು ಬೆನ್ನು, ಅವರು ಚೀಪಿ ತಿನ್ನುವುದನ್ನು ಇಷ್ಟಪಡುವವರು. ಕಾಲುಗಳು ಚಿಕ್ಕ ಮಕ್ಕಳಿಗೆ. ಕಂದನಕಾಯಿ ಪುಕ್ಕ ಬಿಡಿಸಿದವರಿಗೆ ಸೇರಬೇಕಾದ್ದು ಈ ಮನೆಯ ರೂಢಿ, ಆದರೆ ಬಿಡಿಸಲು ಕೂತವರು ನಾಲ್ವರು.

“ಎದೆ ಪುಕ್ಕ ಹರೀದಂಗೆ ಬಿಡಿಸಿದ್ದು ಯಾರು?” ಎಂದರು ಅಜ್ಜಿ.

ಪಟ್ಟಣದ ಮೊಮ್ಮಗ ಕೈ ಎತ್ತುವ ಮೊದಲೇ ಅವನ ತಂಗಿ ತಟ್ಟೆ ಮುಂದೆ ಚಾಚಿದಳು. ತಾತ ಅವಳ ಕಡೆಗೇ ತಲೆಯಾಡಿಸಿದರು. ಎರಡು ಹೋಳಿನಲ್ಲಿ ಒಂದನ್ನು ಅವಳ ತಟ್ಟೆಗೆ ಹಾಕಿ, ಇನ್ನೊಂದನ್ನು ಸೌಟಿನಲ್ಲೇ ಹಿಡಿದು ಅಜ್ಜಿ ಅವನನ್ನು ಕೇಳಿದರು: “ಸಂಜೆ ನಿಮ್ಮ ದೊಡ್ಡಪ್ಪನ ಮನೆಯವರು ಬರ್ತಾರೆ, ಇನ್ನೊಂದು ಹೇಟೆ ಆಗ್ಬೇಕು. ನೀರು ಎಷ್ಟು ಬಿಸಿ ಇರ್ಬೇಕು, ಹೇಳು ನೋಡಾಣ?”